ಸೂಜಿಗೆ ಮುಖ ಒಡ್ಡುವ ಮುನ್ನ

ಕೇಳುಗರಿಗೆ ನಮಸ್ಕಾರ.

ಹುಬ್ಬಿನ ನಡುವಿನ ಗೆರೆ ಹೋಗಲಿ ಅಂತ ಬೋಟಾಕ್ಸ್, ತುಟಿ ತುಂಬಿಕೊಳ್ಳಲಿ ಅಂತ ಫಿಲ್ಲರ್. ಒಂದು ಕಾಲಕ್ಕೆ ಸಿನಿಮಾದವರ ಮಾತಾಗಿದ್ದ ಇದು ಈಗ ನಮ್ಮ ನಿಮ್ಮ ಮನೆಯ ಮದುವೆ ತಯಾರಿಗೂ ಬಂದಿದೆ. ಮಾಡಿಸಿಕೊಳ್ಳಿ ಅಥವಾ ಬೇಡ ಅನ್ನುವುದಕ್ಕೆ ನಾನು ಬಂದಿಲ್ಲ. ಮುಖ ನಿಮ್ಮದು, ದುಡ್ಡೂ ನಿಮ್ಮದು. ಆದರೆ ಮಾಡಿಸಿಕೊಳ್ಳುವುದೇ ಆದರೆ ಎರಡು ಕೆಲಸ ಮಾಡಿ. ಸೂಜಿ ಹಿಡಿಯುವವರ ರಿಜಿಸ್ಟ್ರೇಷನ್ ನಂಬರ್ ಕೇಳಿ. ಔಷಧಿಯ ಸೀಸೆಯನ್ನು ಕಣ್ಣಾರೆ ನೋಡಿ. ನಂಬರ್, ಸೀಸೆ. ಇವತ್ತು ಇದನ್ನೇ ನಾಲ್ಕಾರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ನಂಬರ್. ನಮ್ಮ ರಾಜ್ಯದಲ್ಲಿ ಅಲೋಪತಿ ವೈದ್ಯರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ, ಅಂದರೆ ಕೆ.ಎಂ.ಸಿ.ಯಲ್ಲಿ, ಹೆಸರು ನೋಂದಾಯಿಸಿರಬೇಕು. ಪರಿಷತ್ತಿನ ಜಾಲತಾಣದಲ್ಲಿ ವೈದ್ಯರ ಹೆಸರು ಹುಡುಕಬಹುದು, ಮೊಬೈಲಿನಲ್ಲೇ ಆಗುತ್ತದೆ. ಹೆಸರು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ, ಓದಿದ್ದು ಏನು ಅಂತಲೂ ನೋಡಿ. ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇರಬೇಕು, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಬೋರ್ಡಿನ ಮೇಲೆ ‘ಕಾಸ್ಮೆಟಾಲಜಿಸ್ಟ್’ ಅಂತ ಇದ್ದರೆ ಅದು ಡಿಗ್ರಿಯಲ್ಲ. ‘ಏಸ್ಥೆಟಿಕ್ ಫಿಸಿಷಿಯನ್’ ಅನ್ನುವುದೂ ಅಷ್ಟೇ. ಗೋಡೆ ತುಂಬ ನೇತು ಹಾಕಿದ ಸರ್ಟಿಫಿಕೇಟುಗಳಲ್ಲಿ ಎಷ್ಟೋ ಎರಡು ದಿನದ ಕಾರ್ಯಾಗಾರದವು. ಸೌಂದರ್ಯ ಚಿಕಿತ್ಸೆಯನ್ನು ಕಾರ್ಯಾಗಾರದಲ್ಲಿ ಕೂತು ನೋಡಿದರೆ, ಯೂಟ್ಯೂಬಿನಲ್ಲಿ ನೋಡಿದರೆ ಅದು ತರಬೇತಿ ಆಗುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಬೇಕಾಯಿತು. ಹೇಳಬೇಕಾಯಿತು ಅನ್ನುವುದೇ ನಾಚಿಕೆಯ ವಿಷಯ, ಇರಲಿ.

ಇನ್ನೊಂದು ಮೋಸ ಇದೆ. ಬೋರ್ಡಿನಲ್ಲಿ ಒಬ್ಬರ ಹೆಸರು, ಒಳಗೆ ಸೂಜಿ ಹಿಡಿಯುವವರು ಬೇರೊಬ್ಬರು. ಹಾಗಾಗಿ ಫೋನಿನಲ್ಲಿ ಹೀಗೇ ಕೇಳಿ: “ನನಗೆ ಇಂಜೆಕ್ಷನ್ ಕೊಡುವವರು ಯಾರು? ಅವರ ಕೆ.ಎಂ.ಸಿ. ನಂಬರ್ ಎಷ್ಟು?” ಸಿಟ್ಟು ಮಾಡಿಕೊಂಡರೆ ಫೋನ್ ಇಡಿ. ಕ್ಲಿನಿಕ್ಕಿಗೂ ಒಂದು ನೋಂದಣಿ ಬೇಕು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಕೆ.ಪಿ.ಎಂ.ಇ. ಅನ್ನುತ್ತಾರಲ್ಲ, ಅದರ ಪ್ರಮಾಣಪತ್ರ ಒಳಗೆ ಕಾಲಿಟ್ಟ ಕೂಡಲೇ ಕಾಣುವ ಹಾಗೆ ಇರಬೇಕು. ಬ್ಯೂಟಿ ಪಾರ್ಲರ್ ನಡೆಸುವ ಅಕ್ಕಂದಿರು ತಪ್ಪು ತಿಳಿಯಬೇಡಿ. ಥ್ರೆಡ್ಡಿಂಗ್ ನಿಮ್ಮದು, ಫೇಶಿಯಲ್ ನಿಮ್ಮದು, ಅದರಲ್ಲಿ ನಿಮ್ಮ ಕೈಗೆ ನಾವು ಸಾಟಿಯಲ್ಲ. ಸೂಜಿ ಮಾತ್ರ ನಿಮ್ಮದಲ್ಲ.

ಈಗ ಸೀಸೆ. ಬೋಟಾಕ್ಸ್ ಅನ್ನುವುದು ಒಂದು ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು, ಒಳಗಿರುವುದು ಬೊಟುಲಿನಮ್ ಟಾಕ್ಸಿನ್. ಅಚ್ಚಗನ್ನಡದಲ್ಲಿ ಹೇಳುವುದಾದರೆ ನಂಜು. ಕುಗ್ಗು ಅಂತ ನರ ಸ್ನಾಯುವಿಗೆ ಹೇಳುವ ಮಾತನ್ನು ಅದು ತಡೆಯುತ್ತದೆ. ಸ್ನಾಯು ಸಡಿಲವಾಗುತ್ತದೆ, ಮೇಲಿನ ಚರ್ಮದ ಗೆರೆ ಮಾಯುತ್ತದೆ. ಮೂರು ನಾಲ್ಕು ದಿನಕ್ಕೆ ಶುರುವಾಗಿ, ಎರಡು ವಾರಕ್ಕೆ ಪೂರ್ತಿ ಹಿಡಿದು, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ಮದುವೆಗೆ ಎರಡು ದಿನ ಇದ್ದಾಗ ಓಡಿ ಬರುವವರಿಗೆ ಒಂದು ಮಾತು: ತಿಂಗಳು ಮುಂಚೆ ಬನ್ನಿ.

ಈ ಔಷಧಿಯ ಬಲವನ್ನು ಅಳೆಯುವುದು ಯೂನಿಟ್ಟಿನಲ್ಲಿ. ಬೋಟಾಕ್ಸಿನ 100 ಯೂನಿಟ್ಟಿನ ಸೀಸೆಯಲ್ಲಿ ತಳಕ್ಕಂಟಿದ ಚೂರು ಪುಡಿ, ಅದೂ ಕಂಡರೆ ಕಂಡೀತು. ಅದಕ್ಕೆ 2.5 ಮಿಲಿ ಸಲೈನ್ ಹಾಕಿದರೆ ಪ್ರತಿ 0.1 ಮಿಲಿಗೆ 4 ಯೂನಿಟ್ ಬರುತ್ತದೆ. ಹುಬ್ಬಿನ ನಡುವಿಗೆ ಐದು ಚುಚ್ಚು, ಒಟ್ಟು 20 ಯೂನಿಟ್. ಹಾಲಿಗೆ ನೀರು ಬೆರೆಸಿದ ಹಾಗೆ ಸಲೈನ್ ಸುರಿದರೆ ಔಷಧಿ ಹಾಕಿದ ಕಡೆ ನಿಲ್ಲುವುದಿಲ್ಲ, ಪಕ್ಕಕ್ಕೆ ಹರಿಯುತ್ತದೆ. ರೆಪ್ಪೆ ಎತ್ತುವ ಸ್ನಾಯುವಿಗೆ ಇಳಿಯಿತೋ, ಕಣ್ಣು ಅರ್ಧ ಮುಚ್ಚಿ ವಾರಗಟ್ಟಲೆ ಹಾಗೇ. ‘ಒಂದು ಜಾಗಕ್ಕೆ ಇಷ್ಟು’ ಅಂತ ರೇಟು ಹೇಳಿದರೆ ಎಷ್ಟು ಯೂನಿಟ್ ಅಂತ ಕೇಳಿ. ಒಂದು ಕಂಪನಿಯ ಯೂನಿಟ್ ಇನ್ನೊಂದು ಕಂಪನಿಯದಕ್ಕೆ ಸಮವಲ್ಲ, ಆದ್ದರಿಂದ ಯಾವ ಕಂಪನಿಯದು ಅಂತಲೂ ಕೇಳಿ.

ಸೀಸೆ ನೋಡಿ, ಸೀಸೆ ನೋಡಿ ಅಂತ ಯಾಕೆ ಇಷ್ಟು ಬಡಿದುಕೊಳ್ಳುತ್ತೇನೆ ಅನ್ನುವುದಕ್ಕೆ 2004ರ ನವೆಂಬರಿನಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಆದದ್ದನ್ನು ಕೇಳಿ. ಅಲ್ಲೊಂದು ಕ್ಲಿನಿಕ್ಕು. ಸೂಜಿ ಹಿಡಿದವನು ವೈದ್ಯನೇ, ಆದರೆ ಅವನ ಲೈಸೆನ್ಸ್ ಅಮಾನತಾಗಿತ್ತು. ಗಮನಿಸಿ, ಒಮ್ಮೆ ನಂಬರ್ ಇದ್ದವನು. ಆ ಹೊತ್ತಿಗೆ ಅದು ಚಾಲ್ತಿಯಲ್ಲಿರಲಿಲ್ಲ. ಅಸಲಿ ಔಷಧಿ ದುಬಾರಿ. ಪ್ರಯೋಗಾಲಯಕ್ಕೆಂದು ಮಾರುವ ಕಚ್ಚಾ ಟಾಕ್ಸಿನ್ ಅಗ್ಗ. ಅದು ಮನುಷ್ಯರ ಬಳಕೆಗೆ ಇರುವುದೇ ಅಲ್ಲ. ಇವನು ಅದನ್ನು ತರಿಸಿದ. ಅಸಲಿ ಬೋಟಾಕ್ಸಿನ 100 ಯೂನಿಟ್ಟಿನ ಸೀಸೆಯಲ್ಲಿ ಇರುವುದು ಸುಮಾರು 5 ನ್ಯಾನೋಗ್ರಾಮ್. ಇವನ ಸೀಸೆಯಲ್ಲಿ ಇದ್ದದ್ದು 100 ಮೈಕ್ರೋಗ್ರಾಮ್. ತೂಕದ ಲೆಕ್ಕಕ್ಕೆ 20,000 ಪಟ್ಟು! ಇದನ್ನು ತಾನೇ ಕಲಸಿ, ತಾನೇ ಚುಚ್ಚಿದ. ಪರರಿಗೆ ಮಾತ್ರ ಅಂದುಕೊಂಡಿರಾ? ತನಗೂ ಚುಚ್ಚಿಕೊಂಡ, ತನ್ನ ಸಂಗಾತಿಗೂ ಚುಚ್ಚಿದ. ಅವನಿಗೆ ಅದರ ಮೇಲೆ ಅಷ್ಟು ನಂಬಿಕೆ. ಜೊತೆಗೆ ಒಬ್ಬ ಗಂಡ, ಹೆಂಡತಿ. ನಾಲ್ವರೂ ಆಸ್ಪತ್ರೆ ಸೇರಿದರು. ನಾಲ್ವರಿಗೂ ಉಸಿರಾಡಲು ವೆಂಟಿಲೇಟರ್ ಬೇಕಾಯಿತು. ಮೂವರ ರಕ್ತ ಪರೀಕ್ಷಿಸಿದಾಗ ಸಿಕ್ಕ ನಂಜು ಮನುಷ್ಯನನ್ನು ಕೊಲ್ಲಲು ಸಾಕಾಗುವ ಅಂದಾಜು ಪ್ರಮಾಣದ 21ರಿಂದ 43 ಪಟ್ಟು. ಅದೇ ಬ್ಯಾಚಿನ ಇನ್ನೊಂದು ಸೀಸೆ ತೆಗೆದು ಲೆಕ್ಕ ಹಾಕಿದರು: ಸುಮಾರು 14,286 ಜನರನ್ನು ಸಾಯಿಸಲು ಆಗುವಷ್ಟಿತ್ತು. ತೀವ್ರನಿಗಾ ಘಟಕ ಇದ್ದದ್ದರಿಂದ ನಾಲ್ವರೂ ಬದುಕಿದರು. ಆ ಗಂಡ ಹೆಂಡತಿ ಸೀಸೆಯ ಲೇಬಲ್ ಕೇಳಿ ನೋಡಿದ್ದರೆ?

ಹಳೇ ಕಥೆ ಅಂತ ತಳ್ಳಿ ಹಾಕುವ ಹಾಗೂ ಇಲ್ಲ. 2023ರ ನವೆಂಬರಿನಿಂದ 2024ರ ಮಾರ್ಚ್ ಒಳಗೆ ಅದೇ ಅಮೆರಿಕದ 11 ರಾಜ್ಯಗಳಲ್ಲಿ 22 ಹೆಂಗಸರಿಗೆ ತೊಂದರೆಯಾಯಿತು, 11 ಜನ ಆಸ್ಪತ್ರೆ ಸೇರಿದರು. ಮನೆಯಲ್ಲಿ, ಸ್ಪಾದಲ್ಲಿ, ಪರವಾನಗಿ ಇಲ್ಲದವರ ಇಲ್ಲವೇ ತರಬೇತಿ ಇಲ್ಲದವರ ಕೈಯಲ್ಲಿ ಚುಚ್ಚಿಸಿಕೊಂಡವರು.

ಹಾಗಾದರೆ ಸೀಸೆಯಲ್ಲಿ ಏನು ನೋಡಬೇಕು? ಪೆಟ್ಟಿಗೆ ಸಮೇತ ತರಿಸಿ. ಕಂಪನಿಯ ಹೆಸರು, ಬ್ಯಾಚ್ ನಂಬರ್, ಮುಗಿಯುವ ದಿನಾಂಕ, ಎಂ.ಆರ್.ಪಿ. ವಿದೇಶದ್ದಾದರೆ ಭಾರತದ ಆಮದುದಾರರ ವಿಳಾಸ, ಆಮದು ಪರವಾನಗಿ ಸಂಖ್ಯೆ. ಬರೀ ಕೊರಿಯನ್ ಲಿಪಿ ಇದ್ದು ಇವು ಯಾವುದೂ ಇಲ್ಲದಿದ್ದರೆ ಎದ್ದು ಬನ್ನಿ. ಸೀಸೆ ಬರಬೇಕಾದ್ದು ಫ್ರಿಜ್ಜಿನಿಂದ, ಕೈಚೀಲದಿಂದಲ್ಲ. ಮೊದಲೇ ತುಂಬಿಟ್ಟ, ಲೇಬಲ್ ಇಲ್ಲದ ಸಿರಿಂಜ್ ತಂದರೆ ಬೇಡ ಅನ್ನಿ. ಮೊಬೈಲಿನಲ್ಲಿ ಲೇಬಲ್‌ನ ಫೋಟೊ ತೆಗೆದುಕೊಳ್ಳಿ. ನಾಳೆ ಏನಾದರೂ ಆದರೆ ಬೇರೆ ವೈದ್ಯರು ಮೊದಲು ಕೇಳುವುದೇ ಅದನ್ನು.

ಸಮಯ ಮುಗಿಯುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ, ಫಿಲ್ಲರ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹೆಚ್ಚಿನ ಫಿಲ್ಲರ್‌ಗಳು ಹಯಲುರೊನಿಕ್ ಆಮ್ಲದ ಲೋಳೆ, ಸೀಲು ಮಾಡಿದ ಸಿರಿಂಜಿನಲ್ಲೇ ಬರುತ್ತವೆ, ಸಾಮಾನ್ಯವಾಗಿ 1 ಮಿಲಿ. ಸೀಲು ನಿಮ್ಮ ಮುಂದೆ ಒಡೆಯಲಿ. ‘ಪರ್ಮನೆಂಟ್’ ಅಂದರೆ ಹೆದರಿ, ಅದು ಕರಗುವುದಿಲ್ಲ. ಹಯಲುರೊನಿಕ್ ಆಮ್ಲವನ್ನು ಕರಗಿಸುವ ಔಷಧಿ ಇದೆ, ಹಯಲುರೊನಿಡೇಸ್ ಅಂತ. ಅದು ಈ ಕ್ಲಿನಿಕ್ಕಿನಲ್ಲಿ ಈಗ, ಇದೇ ಹೊತ್ತಿನಲ್ಲಿ ಇದೆಯಾ ಅಂತ ಕೇಳಿ. ಒಂದೇ ಸೀಸೆ ಸಾಲದು, ಗಂಟೆಗೊಮ್ಮೆ ಮತ್ತೆ ಮತ್ತೆ ಕೊಡಬೇಕಾಗಬಹುದು. ಮೆಡಿಕಲ್ ಶಾಪಿನಿಂದ ತರಿಸುತ್ತೇವೆ ಅಂದರೆ ಆ ಕ್ಲಿನಿಕ್ ಬೇಡ.

ಯಾಕೆಂದರೆ ಲೋಳೆ ರಕ್ತನಾಳದೊಳಗೆ ಹೋದರೆ ಆ ಜಾಗ ಬಿಳಿಚಿಕೊಳ್ಳುತ್ತದೆ, ಆಮೇಲೆ ಬಲೆ ಹೆಣೆದ ಹಾಗೆ ನೇರಳೆ ಬಣ್ಣ. ಬೆರಳಿಂದ ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿಗೆ ಕೆಂಪು ಮರಳಬೇಕು, ಮರಳುವುದಿಲ್ಲ. ಲೋಳೆಯಲ್ಲೇ ಮರಗಟ್ಟಿಸುವ ಔಷಧಿ ಬೆರೆಸಿರುವುದರಿಂದ ನೋವು ಗೊತ್ತಾಗದೆಯೂ ಇರಬಹುದು. ಹುಬ್ಬಿನ ನಡು ಮತ್ತು ಮೂಗಿನ ರಕ್ತನಾಳಗಳು ಕಣ್ಣಿನ ರಕ್ತನಾಳಕ್ಕೆ ಕೂಡಿಕೊಂಡಿವೆ. ಅಲ್ಲಿ ಹೀಗಾದರೆ ದೃಷ್ಟಿಯೇ ಹೋಗಬಹುದು. ಕಣ್ಣಿನ ಪರದೆ ರಕ್ತವಿಲ್ಲದೆ ತಡೆಯುವುದು ಹೆಚ್ಚೆಂದರೆ ಒಂದೂವರೆ ಗಂಟೆ.

ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇವು ಯಾವುವೂ ಬೇಡ. ಮಯಾಸ್ತೇನಿಯಾ ಅನ್ನುವ ಸ್ನಾಯು ದೌರ್ಬಲ್ಯ ಇರುವವರಿಗೆ ಬೋಟಾಕ್ಸ್ ಬೇಡ.

ಚುಚ್ಚಿದ ಮೇಲೆ ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂತಿರಿ. ರಾತ್ರಿ ಕರೆ ಮಾಡಿದರೆ ಎತ್ತುವಂಥ ವೈದ್ಯರ ನಂಬರ್ ಬರೆದುಕೊಂಡೇ ಏಳಿ. ಮನೆಗೆ ಬಂದ ಮೇಲೆ ಬಿಳಿಚಿದ್ದು ಕಂಡರೆ ಐಸ್ ಇಡಬೇಡಿ, ರಕ್ತನಾಳ ಇನ್ನಷ್ಟು ಕುಗ್ಗುತ್ತದೆ. ಬೆಳಗಾಗಲಿ ಅನ್ನಬೇಡಿ, ಆಗಲೇ ಅದೇ ಕ್ಲಿನಿಕ್ಕಿಗೆ ಹೊರಡಿ. ಕಣ್ಣು ಮಂಜಾದರೆ ನೇರ ಕಣ್ಣಿನ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ, ಮೊಬೈಲಿನಲ್ಲಿ ಆ ಲೇಬಲ್‌ನ ಫೋಟೊ ಸಮೇತ.

ನಮಸ್ಕಾರ.