ನೀಲಿ ಗುಳಿಗೆಯೊಳಗೆ ಒಂದು ಹುಟ್ಟಿದ ದಿನ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮಗ ಹುಟ್ಟಿದ್ದು ಡಿಸೆಂಬರ್ 30ರಂದು, ಅಲ್ಲೇ. ಹುಡುಗನಿಗೆ 18 ತುಂಬಿ ಸ್ವಲ್ಪ ದಿನಕ್ಕೆ ಅವನ ಹೆಸರಿಗೆ ಅಂಚೆಯಲ್ಲಿ ಒಂದು ಕಾರ್ಡ್ ಬಂತು. ‘ಸೆಲೆಕ್ಟಿವ್ ಸರ್ವಿಸ್’ ಅನ್ನುವ ಸರ್ಕಾರಿ ಇಲಾಖೆಯಲ್ಲಿ ಹೆಸರು ನೋಂದಣಿ ಆಗಿದೆ ಅಂತ. ಫಾರ್ಮ್ ತುಂಬಿದ್ದು ಅವನೇ, ಮನೆಯಲ್ಲಿ ಹೇಳಿರಲಿಲ್ಲ ಅಷ್ಟೆ. ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ತಂಗಿ ನನಗೆ ಫೋನ್ ಮಾಡಿದಳು. “ಅಕ್ಕಾ, ಇವನನ್ನ ಮಿಲಿಟರಿಗೆ ಕರ್ಕೊಂಡು ಹೋಗ್ತಾರಾ?”

“ಇಲ್ಲ ಕಣೆ, ಸುಮ್ನೆ ಹೆಸರು ಬರೆಸೋದು ಅಷ್ಟೆ” ಅಂದೆ. “ಕರ್ಕೊಂಡು ಹೋಗಲ್ಲ ಅಂದ್ರೆ ಹೆಸರು ಯಾಕೆ ಬರೆಸ್ಕೋತಾರೆ?” ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಆಮೇಲೆ ಹುಡುಕಿ ಓದಿದೆ. ಓದಿ ತಿಳಿದದ್ದನ್ನು ಇವತ್ತು ನಿಮಗೆ ಹೇಳುತ್ತೇನೆ.

ನಮಗೆ ಇದು ಸ್ವಲ್ಪ ಹೊಸ ವಿಷಯ. ನಮ್ಮ ದೇಶದಲ್ಲಿ ಸೇನೆಗೆ ಸೇರುವುದು ಅವರವರ ಇಷ್ಟ. ಕೊಡಗಿನಲ್ಲಿ ಎಷ್ಟೋ ಮನೆಗಳ ಗೋಡೆ ಮೇಲೆ ಸಮವಸ್ತ್ರದ ಫೋಟೋ ಇರುತ್ತದೆ. ಅದು ಹೆಮ್ಮೆಯಿಂದ ಹೋದವರ ಫೋಟೋ, ಎಳೆದುಕೊಂಡು ಹೋದವರದ್ದಲ್ಲ. ಅಮೆರಿಕದಲ್ಲಿ ಎರಡೂ ಇತ್ತು. ಎರಡನೇ ಮಹಾಯುದ್ಧಕ್ಕೆ ಅಲ್ಲಿ ಕಾನೂನಿನ ಬಲದಿಂದಲೇ ಒಂದು ಕೋಟಿ ಜನರನ್ನು ಸೇನೆಗೆ ತೆಗೆದುಕೊಂಡರು. ಇದಕ್ಕೆ ಅವರು ‘ಡ್ರಾಫ್ಟ್’ ಅನ್ನುತ್ತಾರೆ. ವಿಯೆಟ್ನಾಂ ಯುದ್ಧದ ಕಾಲಕ್ಕೆ 18 ಲಕ್ಷಕ್ಕೂ ಜಾಸ್ತಿ ಹುಡುಗರು ಹೀಗೆ ಹೋದರು. 1973ರಲ್ಲಿ ಅದು ನಿಂತಿತು. 1975ರಲ್ಲಿ ಹೆಸರು ಬರೆಸುವುದೂ ನಿಂತಿತು. ಆದರೆ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ, 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೋಂದಣಿಯನ್ನು ಮತ್ತೆ ಶುರು ಮಾಡಿದರು. ಅಂದಿನಿಂದ ಹೆಸರು ಬರೆಸಿಕೊಳ್ಳುತ್ತಾರೆ, ಯಾರನ್ನೂ ಕರೆಯುವುದಿಲ್ಲ. ಬಾವಿಯನ್ನು ಮುಚ್ಚಿಲ್ಲ. ಹಗ್ಗ, ಬಿಂದಿಗೆ ಅಲ್ಲೇ ಇವೆ. ನೀರು ಸೇದಿ 50 ವರ್ಷ ಆಯಿತು ಅಷ್ಟೆ.

ಅಲ್ಲಿರುವ ನಮ್ಮವರಿಗೆ ಇದು ದೂರದ ಮಾತಲ್ಲ. 18ರಿಂದ 25 ವರ್ಷದ ಗಂಡುಮಕ್ಕಳು ಹೆಸರು ಬರೆಸಲೇಬೇಕು. ಪೌರತ್ವ ಇದ್ದವರಷ್ಟೇ ಅಲ್ಲ, ಗ್ರೀನ್ ಕಾರ್ಡ್ ಇದ್ದವರೂ ಬರೆಸಬೇಕು. ಓದಲು ಹೋಗಿ ವಿದ್ಯಾರ್ಥಿ ವೀಸಾದಲ್ಲಿ ಇರುವವರು, ಅಪ್ಪ ಅಮ್ಮನ ಕೆಲಸದ ವೀಸಾದ ನೆರಳಿನಲ್ಲಿ ಇರುವವರು ಬರೆಸಬೇಕಿಲ್ಲ. ಬೇಕೆಂದೇ ತಪ್ಪಿಸಿಕೊಂಡರೆ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ ಅಂತ ಕಾನೂನು ಹೇಳುತ್ತದೆ. ಅಷ್ಟು ದೂರ ಹೋಗದಿದ್ದರೂ, ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ತೊಡಕಾಗಬಹುದು. ಈಗ 2025ರ ಡಿಸೆಂಬರ್‌ನಲ್ಲಿ ಆದ ಕಾನೂನಿನ ಪ್ರಕಾರ ಇನ್ನು ಮುಂದೆ ಸರ್ಕಾರವೇ ತನ್ನ ದಾಖಲೆ ನೋಡಿ ಹೆಸರು ಸೇರಿಸಿಕೊಳ್ಳುವ ವ್ಯವಸ್ಥೆ ಬರುತ್ತಿದೆ. ಇದನ್ನು ಕೇಳಿ ಎಷ್ಟೋ ಮನೆಗಳಲ್ಲಿ “ಡ್ರಾಫ್ಟ್ ಬಂದೇಬಿಡ್ತು” ಅಂತ ದಿಗಿಲು. ಬಂದಿಲ್ಲ. ಅಧ್ಯಕ್ಷರು ಒಬ್ಬರೇ ಕೂತು ಅದನ್ನು ತರಲು ಆಗುವುದಿಲ್ಲ. ಸಂಸತ್ತು ಬೇರೆಯೇ ಕಾನೂನು ಮಾಡಬೇಕು. ಆಮೇಲೆ ಹುಟ್ಟಿದ ದಿನಗಳ ಲಾಟರಿ ಎತ್ತಬೇಕು. ಆ ವರ್ಷ 20 ತುಂಬುವವರನ್ನು ಮೊದಲು ಕರೆಯುತ್ತಾರೆ. 18, 19ರ ಹುಡುಗರ ಸರದಿ ಕೊನೆಗೆ.

ಲಾಟರಿ ಅಂದೆನಲ್ಲ, ಅದರ ಕಥೆಯನ್ನು ನಾನು ಬಿಡಿಸಿ ಹೇಳಲೇಬೇಕು.

1969ರ ಡಿಸೆಂಬರ್ 1, ರಾತ್ರಿ. ವಾಷಿಂಗ್ಟನ್‌ನಲ್ಲಿ ಒಂದು ದೊಡ್ಡ ಗಾಜಿನ ಜಾಡಿ. ಅದರಲ್ಲಿ 366 ನೀಲಿ ಪ್ಲಾಸ್ಟಿಕ್ ಗುಳಿಗೆಗಳು. ಒಂದೊಂದರೊಳಗೂ ಒಂದು ಚೀಟಿ, ಚೀಟಿಯಲ್ಲಿ ಒಂದು ತಾರೀಖು. 1944ರಿಂದ 1950ರ ನಡುವೆ ಹುಟ್ಟಿದ ಹುಡುಗರ ಸರದಿಯನ್ನು ಆ ಚೀಟಿಗಳು ತೀರ್ಮಾನಿಸುತ್ತಿದ್ದವು. ಟೀವಿಯಲ್ಲಿ, ರೇಡಿಯೋದಲ್ಲಿ ನೇರ ಪ್ರಸಾರ. ಹೀಗೆಯೇ, ನೀವೀಗ ನನ್ನ ದನಿ ಕೇಳುತ್ತಿರುವ ಹಾಗೆಯೇ, ಅವತ್ತು ರೇಡಿಯೋ ಮುಂದೆ ಕೂತ ತಾಯಂದಿರು ಮಗನ ಹುಟ್ಟಿದ ದಿನ ಬೇಗ ಬರದಿರಲಿ ಅಂತ ಕಾದಿರುತ್ತಾರೆ. ಮೊದಲ ಗುಳಿಗೆ ಎತ್ತಿದರು. ಸೆಪ್ಟೆಂಬರ್ 14. ಆ ದಿನ ಹುಟ್ಟಿದವರೆಲ್ಲರಿಗೆ ನಂಬರ್ 1, ಅಂದರೆ ಮೊದಲ ಕರೆ. ಮರುವರ್ಷ 195ನೇ ನಂಬರಿನವರೆಗೆ ಕರೆ ಹೋಯಿತು.

ಅಲ್ಲಿ ಒಂದು ತಪ್ಪು ನಡೆದಿತ್ತು. ಗುಳಿಗೆಗಳನ್ನು ತಿಂಗಳ ಲೆಕ್ಕದಲ್ಲಿ, ಜನವರಿಯಿಂದ ಶುರು ಮಾಡಿ ಒಂದೊಂದಾಗಿ ಪೆಟ್ಟಿಗೆಗೆ ಹಾಕಿ ಕಲಸಿ, ಆಮೇಲೆ ಆ ಜಾಡಿಗೆ ಸುರಿದಿದ್ದರು. ಜನವರಿಯವು ಮತ್ತೆ ಮತ್ತೆ ಕಲಸಿಹೋದವು. ಕೊನೆಗೆ ಬಿದ್ದ ಡಿಸೆಂಬರಿನವು ಸರಿಯಾಗಿ ಕಲಸಲೇ ಇಲ್ಲ. ಚಿತ್ರಾನ್ನಕ್ಕೆ ಕೊನೆಯಲ್ಲಿ ಹಾಕಿದ ಉಪ್ಪು ಮೇಲೆ ಮೇಲೇ ಉಳಿಯುತ್ತದಲ್ಲ, ಹಾಗೆ. ಎಲ್ಲ ತಿಂಗಳಿಗೂ ಸರಾಸರಿ ನಂಬರ್ 183ರ ಆಸುಪಾಸು ಬರಬೇಕಿತ್ತು. ಜನವರಿಯದು 201 ಬಂತು, ಡಿಸೆಂಬರಿನದು 121. ಲೆಕ್ಕ ಬಲ್ಲವರು ಇದನ್ನು ಎತ್ತಿ ತೋರಿಸಿದರು. ಮುಂದಿನ ವರ್ಷ ವಿಧಾನ ಬದಲಾಯಿತು. ಆದರೆ ಮೊದಲ ಸಲದ ನಂಬರುಗಳು ಬದಲಾಗಲಿಲ್ಲ. ಕೈ ಸರಿಯಾಗಿ ಆಡಿಸದಿದ್ದಕ್ಕೆ ಡಿಸೆಂಬರಿನ ಹುಡುಗರು ಜಾಸ್ತಿ ಹೋದರು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಲಾಟರಿ ತಂದದ್ದೇ ಅನ್ಯಾಯ ತಪ್ಪಿಸುವುದಕ್ಕೆ. ಅದಕ್ಕೂ ಮೊದಲು ಕಾಲೇಜಿನಲ್ಲಿ ಓದುವವರಿಗೆ ವಿನಾಯಿತಿ ಇತ್ತು. ಫೀಸು ಕಟ್ಟುವ ಶಕ್ತಿ ಇದ್ದ ಮನೆಯವನು ಓದುತ್ತಾ ಉಳಿದ, ಇಲ್ಲದವನು ವಿಯೆಟ್ನಾಂ ಕಾಡಿಗೆ ಹೋದ. ಅಂತರ್ಯುದ್ಧದ ಕಾಲದಲ್ಲಂತೂ, 1863ರಲ್ಲಿ, 300 ಡಾಲರ್ ಕಟ್ಟಿದರೆ ಹೋಗುವುದೇ ಬೇಕಿರಲಿಲ್ಲ. ಆ ಸಿಟ್ಟಿಗೆ ಆ ಜುಲೈ ತಿಂಗಳಲ್ಲಿ ನ್ಯೂಯಾರ್ಕ್ ಹೊತ್ತಿ ಉರಿಯಿತು. ಆ ಬೆಂಕಿಯಲ್ಲಿ ಬೆಂದವರು ಕಾನೂನು ಮಾಡಿದವರಲ್ಲ, ಅಲ್ಲಿದ್ದ ಕಪ್ಪು ಜನ.

ಡ್ರಾಫ್ಟ್ ಬೇಕು ಅನ್ನುವ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಚಾರ್ಲ್ಸ್ ರೇಂಜಲ್ ಅಂತ ಒಬ್ಬ ಸಂಸದ ಇದ್ದರು. ಕೊರಿಯಾ ಯುದ್ಧದಲ್ಲಿ ಗಾಯಗೊಂಡವರು. ಇರಾಕ್ ಯುದ್ಧದ ಹೊತ್ತಿಗೆ, 2003ರಲ್ಲಿ, ಡ್ರಾಫ್ಟ್ ವಾಪಸ್ ತರಬೇಕು ಅಂತ ಮಸೂದೆ ತಂದರು. ಯುದ್ಧಕ್ಕೆ ಕೈ ಎತ್ತುವವರ ಮಕ್ಕಳೂ ಹೋಗುವಂತಾದರೆ ಕೈ ಎತ್ತುವ ಮುಂಚೆ ಯೋಚಿಸುತ್ತಾರೆ, ಇದು ಅವರ ವಾದ. ಮರುವರ್ಷ ಅದನ್ನು ಮತಕ್ಕೆ ಹಾಕಿದಾಗ 402 ಜನ ಬೇಡ ಅಂದರು, ಇಬ್ಬರು ಬೇಕು ಅಂದರು.

ರೇಂಜಲ್ ಅವರ ಮಾತು ನನ್ನನ್ನು ಬಹಳ ದಿನ ಕಾಡಿತು. ಸರಿ ಅಲ್ವಾ ಅನ್ನಿಸಿತು. ಆದರೆ ವಿಯೆಟ್ನಾಂಗೆ ಸೇನೆ ಹೊರಟಾಗ ಡ್ರಾಫ್ಟ್ ಇತ್ತಲ್ಲ? ಅದು ಯಾರ ಕೈಯನ್ನೂ ತಡೆಯಲಿಲ್ಲ. ಹುಡುಗರು ಸಿಗುತ್ತಲೇ ಇದ್ದರು, ಯುದ್ಧ ವರ್ಷಗಟ್ಟಲೆ ಬೆಳೆಯುತ್ತಲೇ ಹೋಯಿತು. ಹುಡುಗರ ಜೀವವನ್ನು ಒತ್ತೆ ಇಟ್ಟು ದೊಡ್ಡವರಿಗೆ ಬುದ್ಧಿ ಕಲಿಸುವ ದಾರಿ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಬರುತ್ತದೋ ಇಲ್ಲವೋ? ಸಣ್ಣ ಯುದ್ಧಕ್ಕೆ ಬರುವುದಿಲ್ಲ ಅಂತ ನನ್ನ ಅನಿಸಿಕೆ. ಇವತ್ತಿನ ಸೇನೆಗೆ ವರ್ಷಗಟ್ಟಲೆ ಕಲಿತ ಕೈಗಳು ಬೇಕು, ಮನಸ್ಸಿಲ್ಲದೆ ಬಂದವರಲ್ಲ. 2022ರಲ್ಲಿ ಅಮೆರಿಕದ ಭೂಸೇನೆಗೆ ಬೇಕಿದ್ದವರಲ್ಲಿ 15 ಸಾವಿರ ಜನ ಕಡಿಮೆ ಬಿದ್ದರು. ಆಗಲೂ ಡ್ರಾಫ್ಟ್ ತರಲಿಲ್ಲ. ಕೈಗೆ ಜಾಸ್ತಿ ದುಡ್ಡು ಕೊಟ್ಟರು, ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ತರಬೇತಿ ಕೊಟ್ಟು ಸೇರಿಸಿಕೊಂಡರು.

ಯುದ್ಧ ಉದ್ದಕ್ಕೆ ಎಳೆದರೆ ಮಾತೇ ಬೇರೆ. ರಷ್ಯಾ 2022ರ ಸೆಪ್ಟೆಂಬರ್‌ನಲ್ಲಿ ಒಂದೇ ಆದೇಶದಲ್ಲಿ ಮೂರು ಲಕ್ಷ ಜನರನ್ನು ಕರೆಯಿತು. ಉಕ್ರೇನ್ 2024ರಲ್ಲಿ ಕರೆಯುವ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. ಜನ ಸಾಲದಾದಾಗ ಯುದ್ಧ ಎಲ್ಲೆಲ್ಲಿಗೋ ಕೈಚಾಚುತ್ತದೆ. ನಮ್ಮ ಕಲಬುರಗಿ ಕಡೆಯ ಹುಡುಗರೇ ಕೆಲಸದ ಆಸೆಗೆ ರಷ್ಯಾಕ್ಕೆ ಹೋಗಿ ಅಲ್ಲಿನ ಸೇನೆಯ ಪಾಲಾಗಿದ್ದರು. ಅವರ ಮನೆಯವರು ಇಲ್ಲಿ ಅತ್ತು ಕರೆದದ್ದು ನಿಮಗೂ ನೆನಪಿರಬಹುದು.

ಇದನ್ನೆಲ್ಲ ತಂಗಿಗೆ ಫೋನಿನಲ್ಲಿ ಹೇಳಿದೆ. ಸಂಸತ್ತು ಒಪ್ಪಬೇಕು, ನಿನ್ನ ಮಗನ ಸರದಿ ಬರುವುದು ಆಮೇಲೆ, ಧೈರ್ಯವಾಗಿರು ಅಂದೆ. ಅವಳು ಕೇಳಿದ್ದು ಒಂದೇ. “ಆ 1969ರ ಪಟ್ಟೀಲಿ ಡಿಸೆಂಬರ್ 30ಕ್ಕೆ ಯಾವ ನಂಬರ್ ಬಂದಿತ್ತು?”

ಸುಳ್ಳು ಹೇಳೋಣ ಅನ್ನಿಸಿತು, ಆಗಲಿಲ್ಲ. ಮೂರು ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, “ಕೊನೇ ನಂಬರ್ ಯಾವ ತಾರೀಖಿಗೆ?” ಅಂತ ಕೇಳಿದಳು. ಜೂನ್ 8 ಅಂದೆ.

“ಆ ತಾಯಂದಿರು ಅವತ್ತು ರಾತ್ರಿ ನಿದ್ದೆ ಮಾಡಿರ್ತಾರೆ” ಅಂದಳು.

ನಮಸ್ಕಾರ.