ಹಿತ್ತಲ ಮೂಲೆಯ ಹೆಸರು ತಿಳಿಯದ ಗಿಡ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವರ್ಷ ಫೆಬ್ರವರಿಯಲ್ಲಿ ನಾವು ಧಾರವಾಡದ ಕೆಲಗೇರಿ ಕಡೆ ಹೊಸ ಮನೆಗೆ ಬಂದೆವು. ಮನೆ ನಮಗೆ ಹೊಸದು, ಹಿತ್ತಲು ಹಳೆಯದು. ಕೆಂಪು ಮಸಾರಿ ಮಣ್ಣು, ಒಂದು ತೆಂಗು, ಒಂದು ಕರಿಬೇವು. ಕಂಪೌಂಡ್ ಗೋಡೆಯ ಮೂಲೆಯಲ್ಲಿ ತಲೆಮಟ್ಟದ ಒಂದು ಪೊದೆ. ಅದರಲ್ಲಿ ಒಂದು ಎಲೆಯೂ ಇರಲಿಲ್ಲ. ಗಿಲಾವು ಮಾಡಲು ಬಂದಿದ್ದ ಗೌಂಡಿ ಅದನ್ನು ನೋಡಿ, "ಅಕ್ಕಾರ, ಇದು ಒಣಗೇತ್ರಿ. ಕಡದ ಒಗೀಲೇನ್ರಿ?" ಅಂದ. ನಾನು ಉಗುರಿನಿಂದ ತೊಗಟೆ ಸ್ವಲ್ಪ ಕೆರೆದೆ. ಒಳಗೆ ಹಸಿರಿತ್ತು. ಒಂದು ಹನಿ ಬಿಳಿ ಹಾಲೂ ಜಿನುಗಿತು. "ಬ್ಯಾಡಪ್ಪಾ, ಜೀವ ಐತಿ, ಇರಲಿ" ಅಂದೆ.

ಏಪ್ರಿಲ್ ಬಂತು. ತಿಳಿಹಸಿರು ಎಲೆಗಳ ಜೊತೆಗೇ ಬಿಳಿ ಹೂವಿನ ಗೊಂಚಲು. ಸಂಜೆ ಹಿತ್ತಲ ಬಾಗಿಲು ತೆರೆದರೆ ಸಣ್ಣಗೆ ಘಮ. ಇದು ಯಾವ ಗಿಡ ಅಂತ ಕೇಳುತ್ತಾ ಹೊರಟೆ. ಪಕ್ಕದ ಮನೆಯ ಅಜ್ಜಿ, "ನಂದಿಬಟ್ಟಲ ಅಲ್ಲೇನವಾ" ಅಂದರು. ಸೂಪರ್ ಮಾರ್ಕೆಟ್ಟಿನಲ್ಲಿ ಹೂ ಮಾರುವಾಕೆ ಮೂಸಿ ನೋಡಿ, "ಕಾಡಮಲ್ಲಿಗಿ ಇರಬೇಕ್ರಿ" ಅಂದಳು. ನನ್ನ ತಂಗಿಯ ಮಗ ಮೊಬೈಲ್‌ನಲ್ಲಿ ಹೂವಿನ ಫೋಟೋ ತೆಗೆದ. ಆ್ಯಪ್ ಮೂರು ಹೆಸರು ತೋರಿಸಿತು. ಮೂರೂ ಬೇರೆ ಬೇರೆ.

ಕೊನೆಗೆ ನಮ್ಮ ಓಣಿಯಲ್ಲೇ ಇರುವ ಒಬ್ಬ ನಿವೃತ್ತ ಸಸ್ಯಶಾಸ್ತ್ರದ ಮಾಸ್ತರರನ್ನು ಕರೆದುಕೊಂಡು ಬಂದೆ. ಅವರು ಹೂವನ್ನು ನೋಡಲೇ ಇಲ್ಲ. ಮೊದಲು ಒಂದು ಎಲೆ ಕಿತ್ತರು. ತೊಟ್ಟಿನಲ್ಲಿ ಹಾಲು ಬಂತು. "ಇಲ್ಲಿಗೆ ಮಲ್ಲಿಗಿ ಹೋತು ನೋಡ್ರಿ" ಅಂದರು. ಮಲ್ಲಿಗೆಗೆ ಹಾಲಿಲ್ಲ, ಅಲ್ವಾ? ಆಮೇಲೆ ಟೊಂಗೆ ತೋರಿಸಿದರು. ಎಲೆಗಳು ಜೋಡಿ ಜೋಡಿಯಾಗಿ, ಎದುರುಬದುರು. ಕಣಗಿಲೆಗಾದರೆ ಒಂದೊಂದು ಗಿಣ್ಣಿಗೆ ಸಾಮಾನ್ಯವಾಗಿ ಮೂರು ಎಲೆ. ಹಳದಿ ಹೂವಿನ ಕರವೀರಕ್ಕೆ ಎಲೆ ಒಂದೊಂದೇ, ಸುತ್ತಿಕೊಂಡು ಬರುತ್ತದೆ. ಇವೆರಡೂ ವಿಷದ ಗಿಡಗಳು. ಅದಕ್ಕೇ ಹೇಳುತ್ತೇನೆ, ಗೊತ್ತಿಲ್ಲದ ಗಿಡದ ಎಲೆ, ಕಾಯಿ ಯಾವುದನ್ನೂ ಬಾಯಿಗೆ ಇಟ್ಟು ನೋಡಬೇಡಿ. ಹಾಲು ಮುಟ್ಟಿದ ಕೈಯನ್ನು ಕಣ್ಣಿಗೆ ಒಯ್ಯಬೇಡಿ.

ನಂದಿಬಟ್ಟಲಿಗೂ ಹಾಲಿದೆ, ಜೋಡಿ ಎಲೆಯೂ ಇದೆ. ಆದರೆ ಅದು ವರ್ಷವಿಡೀ ಹಸಿರು. ನಮ್ಮದು ಫೆಬ್ರವರಿಯಲ್ಲಿ ಪೂರ್ತಿ ಬೋಳಾಗಿತ್ತು. ಅಲ್ಲಿಗೆ ಅಜ್ಜಿ ಹೇಳಿದ ಹೆಸರೂ ನಿಲ್ಲಲಿಲ್ಲ.

ಆಮೇಲೆ ಅವರು ಒಂದು ಹೂವನ್ನು ಅಂಗೈಯಲ್ಲಿಟ್ಟು ನನಗೆ ಭೂತಗನ್ನಡಿ ಕೊಟ್ಟರು. ಐದು ಎಸಳು. ನಡುವೆ ಸೆರಗಿನ ಕುಚ್ಚಿನ ಹಾಗೆ ಬಿಳಿ ಎಳೆಗಳು. ಆ ಎಳೆಗಳ ಮಧ್ಯೆ ಕೇಸರಗಳೆಲ್ಲ ಕೂಡಿ ಒಂದು ಪುಟ್ಟ ಮೊನೆಯಾಗಿ ಹೊರಗೆ ಚಾಚಿವೆ. ಇಷ್ಟು ದಿನ ಅದೇ ಹೂವು ನೋಡುತ್ತಿದ್ದೆ, ಆ ಕುಚ್ಚು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

"ಹಾಲೆ ಅಂತ ಅನಸ್ತದ. ಕೊಡಸಿಗನೂ ದೂರದಿಂದ ಹಿಂಗ ಕಾಣಸ್ತದ, ಆದ್ರ ಅದರ ಹೂವಿನ್ಯಾಗ ಈ ಕುಚ್ಚು ಇರೂದಿಲ್ಲ. ಕಾಯಿ ಬರಲಿ, ಆಮ್ಯಾಲ ಖಾತ್ರಿ ಹೇಳ್ತೀನಿ" ಅಂದು ಹೊರಟುಬಿಟ್ಟರು.

ಈ ಎರಡು ಗಿಡಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬೆಪ್ಪಾಲೆ ಅನ್ನುವ ಹೆಸರನ್ನು ಒಂದು ಊರಲ್ಲಿ ಹಾಲೆಗೆ ಹೇಳುತ್ತಾರೆ, ಇನ್ನೊಂದು ಊರಲ್ಲಿ ಕೊಡಸಿಗಕ್ಕೆ. ಮಲೆನಾಡಿನ ಕಡೆ ಹಾಲೆ ಅಂದರೆ ಏಳೆಲೆಯ ಸಪ್ತಪರ್ಣದ ದೊಡ್ಡ ಮರ. ಧಾರವಾಡ ಮಲೆನಾಡಿನ ಸೆರಗಿನಲ್ಲಿದೆ. ಪಡುವಣಕ್ಕೆ ಹೋದರೆ ಕಾಡು, ಮೂಡಣಕ್ಕೆ ಎರೆಭೂಮಿ. ಹಾಗಾಗಿ ಎರಡೂ ಕಡೆಯ ಹೆಸರು ಇಲ್ಲಿ ಕಲೆಯುತ್ತವೆ. ಹೆಸರು ಕಲೆತರೆ ಏನಂತೆ ಅಂತ ಬಿಡುವ ಹಾಗಿಲ್ಲ. ಕೊಡಸಿಗವೇ ಆಯುರ್ವೇದದ ಕುಟಜ. ಅದರ ತೊಗಟೆ ಆಮಶಂಕೆಗೆ ಹಳೆಯ ಔಷಧಿ, ಕುಟಜಾರಿಷ್ಟ ಮಾಡುವುದು ಅದರಿಂದಲೇ. ಆ ತೊಗಟೆಯಲ್ಲಿ ಹಾಲೆಯ ತೊಗಟೆ ಕಲಬೆರಕೆಯಾಗುವುದುಂಟು. ಔಷಧಿ ಅಂತ ಕುಡಿದವನಿಗೆ ಗುಣ ಸಿಗುವುದಿಲ್ಲ. ಇದು ಸಣ್ಣ ಮಾತಲ್ಲ.

ಮಳೆಗಾಲದ ನಡುವೆ ಒಂದು ದಿನ ಹಳೆಯ ಪಂಚಾಂಗ ತೆಗೆದೆ. ಏಪ್ರಿಲ್‌ನಲ್ಲಿ ಅದರೊಳಗೆ ಒಂದೆರಡು ಎಲೆ ಇಟ್ಟು ಮರೆತಿದ್ದೆ. ಎಲೆ ಶಾಯಿಯಲ್ಲಿ ಅದ್ದಿದ ಹಾಗೆ ಕಪ್ಪಾಗಿತ್ತು, ಅಂಚಿನಲ್ಲಿ ನೀಲಿ ಛಾಯೆ. ಹಾಳಾಯಿತಲ್ಲ ಅಂದುಕೊಂಡು ಮಾಸ್ತರರಿಗೆ ತೋರಿಸಿದರೆ ಅವರ ಮುಖ ಅರಳಿತು. ಹಾಲೆಯ ಎಲೆಯಲ್ಲಿ ನೀಲಿ ಬಣ್ಣದ ಅಂಶ ಇದೆಯಂತೆ. ಹಿಂದೆ ಇದರಿಂದ ಬಟ್ಟೆಗೆ ನೀಲಿ ಬಣ್ಣ ತೆಗೆಯುತ್ತಿದ್ದರು. ಅದರ ಶಾಸ್ತ್ರೀಯ ಹೆಸರು ರೈಟಿಯಾ ಟಿಂಕ್ಟೋರಿಯಾ. ಟಿಂಕ್ಟೋರಿಯಾ ಅಂದರೆ ಬಣ್ಣ ಹಾಕಲು ಬರುವಂಥದ್ದು.

ಅಷ್ಟರಲ್ಲಿ ಕಾಯಿಯೂ ಇಳಿಬಿದ್ದಿತ್ತು. ಒಂದಡಿಗಿಂತ ಉದ್ದ, ಪೆನ್ಸಿಲಿನಷ್ಟು ದಪ್ಪ. ಎರಡೆರಡು ಕಾಯಿ ಒಂದೇ ತೊಟ್ಟಿನಿಂದ ಹೊರಟು, ಕೆಳಗಿನ ತುದಿಯಲ್ಲಿ ಮತ್ತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಕೊಡಸಿಗದ ಕಾಯಿಯೂ ಜೋಡಿಯೇ, ಆದರೆ ತುದಿಗಳು ಬಿಡಿಬಿಡಿ. ಹೂವಿನ ಫೋಟೋ ಒಂದರಿಂದ ಇದೆಲ್ಲ ಹೇಗೆ ಗೊತ್ತಾಗಬೇಕು? ನೀವೂ ಯಾರಿಗಾದರೂ ಫೋಟೋ ಕಳಿಸುವುದಾದರೆ ಎಲೆಗಳ ಜೋಡಣೆ, ತೊಗಟೆ, ಕಾಯಿ, ಪೂರ್ತಿ ಗಿಡ, ಎಲ್ಲವನ್ನೂ ತೆಗೆದು ಕಳಿಸಿ. ಹಾಲು ಬಂತೋ ಇಲ್ಲವೋ ಬರೆಯಿರಿ. ಯಾವ ತಿಂಗಳು ಅಂತಲೂ ಬರೆಯಿರಿ.

ಇನ್ನೊಂದು ವಿಷಯವೂ ಆಗಲೇ ಗೊತ್ತಾಯಿತು. ಇದು ಪೊದೆಯೇ ಅಲ್ಲ, ಮರ. ಬುಡದ ಮಣ್ಣು ಸರಿಸಿದರೆ ತೊಡೆಯಷ್ಟು ದಪ್ಪದ ಹಳೆಯ ಕೊರಡು. ಯಾರೋ ಎಂದೋ ಕಡಿದಿದ್ದರು, ಅದು ಸುತ್ತಲೂ ಚಿಗುರಿ ಪೊದೆಯಂತೆ ಕಾಣುತ್ತಿತ್ತು. ಚನ್ನಪಟ್ಟಣದ ಗೊಂಬೆಗಳು ತಯಾರಾಗುವುದು ಇದೇ ಮರದ ನುಣುಪಾದ ಬಿಳಿ ಕಟ್ಟಿಗೆಯಿಂದ. ಆ ಕಡೆ ಅದನ್ನು ಆಲೆ ಮರ ಅನ್ನುತ್ತಾರೆ. ನನ್ನ ಮಗಳು ಚಿಕ್ಕವಳಿದ್ದಾಗ ಆಡಿದ ಬುಗುರಿ ಇನ್ನೂ ಶೋಕೇಸಿನಲ್ಲಿದೆ. ಅದನ್ನು ತಂದು ಗಿಡದ ಪಕ್ಕ ಹಿಡಿದು ನೋಡಿದೆ.

ಗೋಡೆಗೆ ಮೂರೇ ಅಡಿ ದೂರ ಇರುವುದರಿಂದ, ಹೊರಮಗ್ಗುಲಿನ ಒಂದು ಗಟ್ಟಿ ಚಿಗುರನ್ನು ಉಳಿಸಿ ಉಳಿದವನ್ನು ಸವರಿದೆವು. ಜನವರಿಯಲ್ಲಿ ಕಾಯಿ ಒಡೆದು, ರೇಷ್ಮೆಯಂಥ ಕೂದಲು ಕಟ್ಟಿಕೊಂಡ ಬೀಜಗಳು ಅಜ್ಜಿಯ ಮಾಳಿಗೆ ಮೇಲೆಲ್ಲ ಹಾರಿದವು. ಒಂದು ಹಿಡಿ ಬೀಜ ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟಿದ್ದೇನೆ, ಮಳೆ ಬಿದ್ದ ಮೇಲೆ ಊರುವುದಕ್ಕೆ. ಈಗ ಗಿಡ ಮತ್ತೆ ಬೋಳಾಗಿದೆ. ಈ ಸಲ ಯಾರೂ ಕಡಿಯುತ್ತೇನೆ ಅಂದಿಲ್ಲ.

ನಮಸ್ಕಾರ.