ಲೋಟದ ಕೆಳಗೊಂದು ಗುಬ್ಬಚ್ಚಿ

ಎಲ್ಲರಿಗೂ ನಮಸ್ಕಾರ. ಇವತ್ತು ಕ್ರೋಶಾದಲ್ಲಿ ಒಂದು ಗುಬ್ಬಚ್ಚಿ ಮಾಡೋಣ. ಲೋಟದ ಕೆಳಗೆ ಇಡುವ ಕೋಸ್ಟರ್. ಮೇಜಿನ ಮೇಲೆ ಮೂರು ನೂಲಿನ ಉಂಡೆ ಕಾಣುತ್ತಿದೆಯಲ್ಲ, ಕಂದು, ಬೂದು, ಕಪ್ಪು, ಅಷ್ಟೇ ಸಾಕು. ಹೆಣೆಯುವ ಕೊಕ್ಕೆ ಕಡ್ಡಿ 3.5 ಮಿಲಿಮೀಟರಿನದು.

ಗುಬ್ಬಚ್ಚಿಯೇ ಯಾಕೆ ಅಂದರೆ, ಅದರ ಮೈ ಗುಂಡಗಿರುತ್ತದೆ. ಚಳಿಯಲ್ಲಿ ಕೂತ ಗುಬ್ಬಚ್ಚಿಯನ್ನು ನೋಡಿದ್ದೀರಲ್ವಾ? ಗರಿಯೆಲ್ಲ ಉಬ್ಬಿಸಿಕೊಂಡು ಚೆಂಡಿನ ಹಾಗೆ ಆಗಿಬಿಟ್ಟಿರುತ್ತದೆ. ಗರಿಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಆ ಗಾಳಿಯೇ ಅದಕ್ಕೆ ಹೊದಿಕೆ. ನನಗೆ ಆ ರೂಪ ತುಂಬ ಇಷ್ಟ. ಲೋಟ ಕೂರುವುದಕ್ಕೂ ಗುಂಡಗಿನ ಜಾಗವೇ ಬೇಕು. ಕೊಕ್ಕರೆ ನೋಡಲು ಚೆಂದ, ಆದರೆ ಅಷ್ಟುದ್ದ ಕತ್ತು, ಅಷ್ಟುದ್ದ ಕಾಲು ಇಟ್ಟುಕೊಂಡು ಲೋಟಕ್ಕೆ ಎಲ್ಲಿ ಜಾಗ ಕೊಡುವುದು?

ನೂಲು ಹತ್ತಿಯದೇ ಇರಲಿ. ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ. ತಣ್ಣನೆಯ ನೀರಿನ ಲೋಟ ಬೆವರುತ್ತದೆ, ಗಾಳಿಯಲ್ಲಿರುವ ತೇವವೇ ಹೊರಗೆ ಹನಿಯಾಗಿ ಕೂರುತ್ತದೆ. ಆ ಹನಿಯನ್ನು ಹೀರಿಕೊಳ್ಳುವುದು ಹತ್ತಿ. ಅಕ್ರಿಲಿಕ್ ಅಷ್ಟು ಹೀರುವುದಿಲ್ಲ, ನೀರು ಮೇಜಿಗೇ ಇಳಿಯುತ್ತದೆ. ಬಿಸಿ ತಗುಲಿದರೆ ಅಕ್ರಿಲಿಕ್ ಮೆತ್ತಗಾಗಿ ಜೋತುಬೀಳುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದೇ ಇಲ್ಲ. ಹತ್ತಿ ಹಾಗಲ್ಲ. ಒದ್ದೆಯಾದಾಗ ಹತ್ತಿಯ ಎಳೆ ಇನ್ನೂ ಗಟ್ಟಿ. ದಿನಾ ನೆನೆಯುವ, ವಾರಕ್ಕೊಮ್ಮೆ ಒಗೆಯುವ ವಸ್ತುವಿಗೆ ಅದೇ ಸರಿ.

ಮ್ಯಾಜಿಕ್ ರಿಂಗ್, ಅಂದರೆ ಎಳೆದು ಬಿಗಿಸುವ ನೂಲಿನ ಕುಣಿಕೆ ಹಾಕಿದೆ. ಒಳಗೆ 6 ಸಿಂಗಲ್ ಕ್ರೋಶಾ, ಅಂದರೆ ಗಿಡ್ಡ ಸ್ಟಿಚ್. ನೂಲಿನ ಬಾಲ ಎಳೆದರೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಎರಡನೇ ಸುತ್ತಿಗೆ 12, ಮೂರನೆಯದಕ್ಕೆ 18. ಹೀಗೇ ಸುತ್ತಿಗೆ 6 ಜಾಸ್ತಿ ಮಾಡುತ್ತಾ ಎಂಟನೇ ಸುತ್ತಿಗೆ 48. ಸುತ್ತು ಶುರುವಾಗುವ ಕಡೆ ಮಾರ್ಕರ್ ಸಿಕ್ಕಿಸಿದ್ದೇನೆ, ಕೆಂಪಗೆ ಕಾಣುತ್ತಿದೆ ನೋಡಿ.

ಕೈ ಅದರ ಪಾಡಿಗೆ ಓಡುತ್ತಿರಲಿ. ಅಷ್ಟರಲ್ಲಿ ಎಡಗಡೆ ಇರುವ ಆ ಕಂದು ಬಟ್ಟಲಿನ ಕತೆ ಹೇಳುತ್ತೇನೆ. ಅದು ಬಟ್ಟಲಲ್ಲ. ಅದೂ ಕೋಸ್ಟರ್ ಆಗಬೇಕಿತ್ತು.

ಮೊದಲ ಸಲ ನಾನು ಬೇರೆಯವರು ಬರೆದಿಟ್ಟ ಒಂದು ಪ್ಯಾಟರ್ನ್, ಅಂದರೆ ಹೆಣಿಗೆಯ ವಿವರ, ನೋಡಿಕೊಂಡು ಹೆಣೆದೆ. 6, 12, 18 ಅಂತಲೇ ಲೆಕ್ಕ ಇತ್ತು, ಹೆಣಿಗೆ ಡಬಲ್ ಕ್ರೋಶಾ ಅಂತ ಬರೆದಿತ್ತು. ಹಾಗೇ ಮಾಡಿದೆ. ಮೂರನೇ ಸುತ್ತಿಗೆ ಅಂಚು ಸ್ವಲ್ಪ ಎದ್ದಿತು. ನಾಲ್ಕಕ್ಕೆ ಪೂರ್ತಿ ಎದ್ದು ನಿಂತಿತು. ನನ್ನ ಕೈ ಬಿಗಿಯಾಯಿತೇನೋ ಅಂದುಕೊಂಡೆ. ಎಲ್ಲ ಬಿಚ್ಚಿ, 4 ಮಿಲಿಮೀಟರ್ ಕಡ್ಡಿ ತಗೊಂಡು ಮತ್ತೆ ಹೆಣೆದೆ. ಈ ಸಲ ಬಟ್ಟಲು ದೊಡ್ಡದಾಯಿತು, ಅಷ್ಟೇ. ಇರಲಿ, ಒದ್ದೆ ಮಾಡಿ ಒಣಗಿಸಿದರೆ ಸರಿಹೋಗುತ್ತದೆ ಅಂತ ನೀರಲ್ಲಿ ನೆನೆಸಿ, ಹಿಂಡಿ, ಸುತ್ತಲೂ ಗುಂಡುಸೂಜಿ ಚುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ಚಪ್ಪಟೆ. ಎಷ್ಟು ಖುಷಿಯಾಯಿತು! ಒಂದೊಂದೇ ಸೂಜಿ ತೆಗೆದೆ. ಕೊನೆಯ ಸೂಜಿ ಬಂದಾಗ ಅಂಚು ನಿಧಾನವಾಗಿ ಮೇಲಕ್ಕೆದ್ದಿತು. ನನ್ನ ಕಣ್ಣೆದುರಿಗೇ. ಎರಡು ದಿನದ ಕೆಲಸ ಅದು. ನಿಜವಾಗಲೂ ಬೇಜಾರಾಗಿತ್ತು.

ಕಾರಣ ಆಮೇಲೆ ಗೊತ್ತಾಯಿತು. ಅದು ಬ್ರಿಟನ್ನಿನ ಪದಗಳಲ್ಲಿ ಬರೆದ ಪ್ಯಾಟರ್ನ್. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನು ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಅಮೆರಿಕದ ಡಬಲ್ ಅವರಿಗೆ ಟ್ರೆಬಲ್. ಹೆಸರು ಒಂದೇ, ಸ್ಟಿಚ್ ಬೇರೆ. ನಾನು ಗಿಡ್ಡ ಸ್ಟಿಚ್ ಹಾಕಬೇಕಾದ ಕಡೆ ಎತ್ತರದ್ದು ಹಾಕಿದ್ದೆ.

ಎತ್ತರದ್ದು ಹಾಕಿದರೆ ಬಟ್ಟಲು ಯಾಕಾಗುತ್ತದೆ? ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಪ್ಯಾಟರ್ನ್ ಇಲ್ಲದೆಯೂ ಹೆಣೆಯಬಹುದು. ವೃತ್ತದ ನಡುವಿನಿಂದ ಅಂಚಿಗೆ ದೂರ 1 ಪಾಲು ಬೆಳೆದರೆ, ಸುತ್ತಳತೆ 6.28 ಪಾಲು ಬೆಳೆಯಬೇಕು. ಶಾಲೆಯಲ್ಲಿ ಕಲಿತ ಪೈ ಲೆಕ್ಕವೇ. ಸಿಂಗಲ್ ಕ್ರೋಶಾ ಎಷ್ಟು ಅಗಲವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅದಕ್ಕೇ ಸುತ್ತಿಗೆ 6 ಜಾಸ್ತಿ ಮಾಡಿದರೆ ಸಮತಟ್ಟಾಗಿ ಕೂರುತ್ತದೆ. ಡಬಲ್ ಸುಮಾರು ಅದರ ಎರಡರಷ್ಟು ಎತ್ತರ, ಆಗ 12 ಬೇಕು. ನಾನು 6 ಮಾತ್ರ ಕೊಟ್ಟಿದ್ದೆ. ಅಂಚಿಗೆ ಹರಡಲು ಜಾಗ ಸಾಲದೆ ಮೇಲಕ್ಕೆದ್ದಿತು. ಬೇಕಾದ್ದಕ್ಕಿಂತ ಜಾಸ್ತಿ ಹಾಕಿದ್ದರೆ ಅಲೆ ಅಲೆಯಾಗಿ ನೆರಿಗೆ ಬೀಳುತ್ತಿತ್ತು. ಸೂಜಿ ಚುಚ್ಚಿ ಎಳೆದರೆ ಲೆಕ್ಕ ಬದಲಾಗುವುದಿಲ್ಲ.

ಪ್ಯಾಟರ್ನ್ ಓದುವಾಗ ಈಗ ನಾನು ಮೊದಲು ಹುಡುಕುವುದು ಒಂದೇ ಪದ, ಸಿಂಗಲ್ ಕ್ರೋಶಾ. ಅದು ಎಲ್ಲಾದರೂ ಇದ್ದರೆ ಅಮೆರಿಕದ ಲೆಕ್ಕ, ಏಕೆಂದರೆ ಬ್ರಿಟನ್ನಿನ ಈಗಿನ ಪದಗಳಲ್ಲಿ ಸಿಂಗಲ್ ಅಂತ ಸಾಮಾನ್ಯವಾಗಿ ಬರುವುದಿಲ್ಲ. ಚಿತ್ರದ ಚಾರ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಗಿಡ್ಡ ಸ್ಟಿಚ್ಚಿಗೆ ಕೂಡಿಸುವ ಗುರುತು ಅಥವಾ ಗುಣಿಸುವ ಗುರುತು, ಎತ್ತರದ್ದಕ್ಕೆ ಕಂಬ, ಅದರ ಮೇಲೊಂದು ಅಡ್ಡಗೆರೆ. ಯಾವ ದೇಶದವರು ಓದಿದರೂ ಅದೇ. ಎಲ್ಲರೂ ಚಾರ್ಟ್ ಕೊಟ್ಟರೆ ಎಷ್ಟು ಚೆನ್ನಾಗಿರುತ್ತದೆ!

ಅಯ್ಯೋ, ಮಾತಾಡುತ್ತಾ ಮೈ ಮುಗಿದೇ ಹೋಯಿತು. 8 ಸುತ್ತು, ಅಳೆದರೆ 9.5 ಸೆಂಟಿಮೀಟರ್. ಒಂದು ಮಾತು ಬಿಟ್ಟೆ. ಜಾಸ್ತಿ ಮಾಡುವ ಸ್ಟಿಚ್ಚನ್ನು ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ಹಾಕಬೇಡಿ. ಆರು ಮೂಲೆ ಎದ್ದು ಕಾಣುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಸ್ವಲ್ಪ ಪಕ್ಕಕ್ಕೆ ಸರಿಸಿ, ಗುಂಡಗಾಗುತ್ತದೆ.

ತಲೆ ಬೂದು ಬಣ್ಣ, 3 ಸುತ್ತು, 18 ಸ್ಟಿಚ್. ಮೈಯ ಅಂಚಿಗೆ ಒತ್ತಿ ಹೊಲಿಯುತ್ತಿದ್ದೇನೆ. ಗಂಡು ಗುಬ್ಬಚ್ಚಿಯ ನೆತ್ತಿ ಬೂದು, ಗಂಟಲಿನಲ್ಲಿ ಕಪ್ಪು ಮಚ್ಚೆ. ಆ ಕಪ್ಪು ಇಲ್ಲದಿದ್ದರೆ ಇದು ಯಾವ ಹಕ್ಕಿ ಅಂತಲೇ ತಿಳಿಯುವುದಿಲ್ಲ, ಹಾಗಾಗಿ ಅದನ್ನು ಮರೆಯಬೇಡಿ. ಕೊಕ್ಕಿಗೂ ಅದೇ ಕಪ್ಪು ನೂಲು. ಬಾಲಕ್ಕೆ ಕಂದು, ಮೂರು ಉದ್ದದ ಕುಣಿಕೆ.

ಈಗ ರೆಕ್ಕೆ. ಬೇರೆ ಹೆಣೆದು ಮೇಲೆ ಹೊಲಿದಿದ್ದೇನೆ, ಮುದ್ದಾಗಿದೆ ಅಲ್ವಾ? ರೆಕ್ಕೆ ಇಲ್ಲದ ಹಕ್ಕಿ ನನಗೆ ಬೇಡವೇ ಬೇಡ. ಲೋಟ ಇಟ್ಟು ನೋಡೋಣ.

ಇಲ್ಲ. ವಾಲುತ್ತಿದೆ. ನೀರಿನ ಮಟ್ಟ ನೋಡಿ, ಒಂದು ಕಡೆ ಏರಿದೆ. ರೆಕ್ಕೆಯ ದಪ್ಪದಷ್ಟೂ ಲೋಟ ಒಂದು ಪಕ್ಕಕ್ಕೆ ಎದ್ದಿದೆ. ಇದನ್ನು ಬಿಚ್ಚುತ್ತೇನೆ. ಬೂದು ನೂಲನ್ನು ಬೆರಳಲ್ಲಿ ಹಿಮ್ಮುಖ ತಿರುಗಿಸಿದರೆ ಎಳೆಗಳು ಬಿಡಿಸಿಕೊಳ್ಳುತ್ತವೆ, ಹತ್ತಿರ ತೋರಿಸುತ್ತೇನೆ. ಅದರಲ್ಲಿ ಒಂದೇ ಎಳೆ ಸೂಜಿಗೆ ಪೋಣಿಸಿ, ರೆಕ್ಕೆಯ ಗೆರೆಯನ್ನಷ್ಟೇ ಹೊಲಿಯುತ್ತೇನೆ. ಬೆರಳಾಡಿಸಿದರೆ ಉಬ್ಬೇ ತಿಳಿಯುವುದಿಲ್ಲ. ಇದೇ ಮೊದಲಿನದಕ್ಕಿಂತ ಚೆನ್ನಾಗಿದೆ, ನಿಜ ಹೇಳಬೇಕೆಂದರೆ. ರೆಕ್ಕೆ ಮೈಗೆ ಅಂಟಿಕೊಂಡು ಕೂತ ಹಾಗೇ ಇದೆ.

ಕಣ್ಣಿಗೆ ಮಣಿ ಹಾಕಲೇಬಾರದು ಅಂದುಕೊಂಡಿದ್ದೆ, ಅದೇ ವಾಲುವ ಭಯ. ಆದರೆ ತಲೆ ಲೋಟದ ತಳದಿಂದ ಆಚೆಗಿದೆ. ಹಾಗಿದ್ದರೆ ಮಣಿ ಇರಲಿ. ಕಪ್ಪು ಮಣಿ, ಎರಡು ಸಲ ಬಿಗಿದು ಹೊಲಿದೆ. ಜೀವ ಬಂದ ಹಾಗಾಯಿತು.

ಉಳಿದ ನೂಲಿನ ಬಾಲಗಳನ್ನು ಹಿಂದೆ ಹೆಣೆದು ಮುಚ್ಚುತ್ತಿದ್ದೇನೆ. ಒಂದು ದಿಕ್ಕಿಗೆ ಹೋಗಿ, ಮತ್ತೆ ವಾಪಸ್ ಬನ್ನಿ. ಒಂದೇ ದಿಕ್ಕಿಗೆ ಬಿಟ್ಟರೆ ಒಗೆಯುವಾಗ ಜಾರಿ ಬಿಚ್ಚಿಕೊಳ್ಳುತ್ತದೆ, ಹತ್ತಿ ನೂಲು ನುಣುಪು.

ಈಗ ತಣ್ಣನೆಯ ನೀರು ತುಂಬಿದ ಲೋಟ. ಇಟ್ಟೆ. ಮಟ್ಟ ನೋಡಿ, ನೇರ. ಮೊದಲ ಹನಿ ಇಳಿಯುತ್ತಿದೆ, ಕಾಯೋಣ. ಅಗೋ, ರೆಕ್ಕೆಯ ಕೆಳಗೆ ಕಂದು ಬಣ್ಣ ಗಾಢವಾಯಿತು, ಬಾಲದ ಕಡೆಗೆ ಹರಡುತ್ತಿದೆ. ಮೇಜನ್ನು ಮುಟ್ಟಿ ನೋಡುತ್ತೇನೆ. ಒಣಗೇ ಇದೆ. ಆ ಬಟ್ಟಲಿನಲ್ಲಿ ಮಾರ್ಕರ್ ಹಾಕಿಡುತ್ತೇನೆ. ಬ್ಯಾಟರಿ ಕೆಂಪು ತೋರಿಸುತ್ತಿದೆ, ಬರುತ್ತೇನೆ.